ಅರಿವಳಿಕೆಯ ಆಳವನ್ನು ಅಳೆಯುವುದು ಹೇಗೆ?

ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ರೋಗಿ ಅಲುಗಾಡದೆ ಮಲಗಿದ್ದಾರೆ. ಅವರಿಗೆ ನಿಜಕ್ಕೂ ಎಚ್ಚರವಿಲ್ಲವೇ? ಅಥವಾ ಎಚ್ಚರವಿದ್ದೂ ಅಲುಗಾಡಲು ಆಗುತ್ತಿಲ್ಲವೇ? ಇವೆರಡೂ ಬೇರೆ ಬೇರೆ ಪ್ರಶ್ನೆಗಳೆಂಬುದು ಸ್ಪಷ್ಟವಾಗಲು ವೈದ್ಯವಿಜ್ಞಾನಕ್ಕೆ ಸುಮಾರು ನೂರು ವರ್ಷ ಬೇಕಾಯಿತು.

ಹಂತಗಳ ಪಟ್ಟಿ

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ದಂತವೈದ್ಯ ವಿಲಿಯಂ ಮಾರ್ಟನ್ ರೋಗಿಯೊಬ್ಬರಿಗೆ ಈಥರ್ ಆವಿಯನ್ನು ಉಸಿರಾಡಲು ಕೊಟ್ಟರು. ಶಸ್ತ್ರವೈದ್ಯ ಜಾನ್ ವಾರೆನ್ ಕತ್ತಿನ ಗಡ್ಡೆಗೆ ಕತ್ತರಿ ಹಾಕಿದಾಗ ರೋಗಿ ನೋವಿನಿಂದ ಚೀರಲಿಲ್ಲ. ಮರುವರ್ಷವೇ ಲಂಡನ್ನಿನ ಜಾನ್ ಸ್ನೋ ಈಥರ್‌ನ ಪರಿಣಾಮವನ್ನು ಐದು ಹಂತಗಳಾಗಿ ವಿಂಗಡಿಸಿದರು. ಇದು ಬರಿಯ ಪಾಂಡಿತ್ಯವಾಗಿರಲಿಲ್ಲ. 1848ರಲ್ಲಿ ಇಂಗ್ಲೆಂಡಿನ ಹದಿನೈದರ ಬಾಲಕಿ ಹನ್ನಾ ಗ್ರೀನರ್ ಕಾಲುಗುರಿನ ಸಣ್ಣ ಚಿಕಿತ್ಸೆಗೆಂದು ಕ್ಲೋರೋಫಾರಂ ಪಡೆದು ಅಸುನೀಗಿದಳು. ಔಷಧಿ ಕಡಿಮೆಯಾದರೆ ನೋವು, ಹೆಚ್ಚಾದರೆ ಸಾವು. ಎಷ್ಟು ಆಳಕ್ಕೆ ಇಳಿದಿದ್ದೇವೆಂದು ತಿಳಿಯಲೇಬೇಕಿತ್ತು.

ಅಮೆರಿಕದ ಆರ್ಥರ್ ಗೆಡೆಲ್ ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿ ಸೇನೆಯ ಸಿಬ್ಬಂದಿಗೆ ಈಥರ್ ಕೊಡುವುದನ್ನು ಕಲಿಸಿದರು. ಹೊಸಬರೂ ಗುರುತಿಸಬಲ್ಲ ಲಕ್ಷಣಗಳನ್ನು ಅವರು ಆರಿಸಿಕೊಂಡರು: ಉಸಿರಾಟದ ಲಯ, ಕಣ್ಣುಗುಡ್ಡೆಯ ಚಲನೆ, ಪಾಪೆಯ ಗಾತ್ರ, ಸ್ನಾಯುಗಳ ಬಿಗಿ. ಇವುಗಳ ಆಧಾರದ ಮೇಲೆ ನಾಲ್ಕು ಹಂತಗಳಾದವು. ಶಸ್ತ್ರಚಿಕಿತ್ಸೆಗೆ ತಕ್ಕದ್ದು ಮೂರನೆಯದು; ನಾಲ್ಕನೆಯದರಲ್ಲಿ ಉಸಿರೇ ನಿಲ್ಲುತ್ತದೆ. 1937ರ ಅವರ ಪುಸ್ತಕದ ಮೂಲಕ ಈ ಪಟ್ಟಿ ಜಗತ್ತಿನ ಅರಿವಳಿಕೆ ತಜ್ಞರ ಕೈಪಿಡಿಯಾಯಿತು.

ಬಾಣದ ವಿಷ ಬಂದಾಗ

1942ರ ಜನವರಿ 23ರಂದು ಕೆನಡದ ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಅರಿವಳಿಕೆಯ ಜೊತೆಗೆ ಕ್ಯುರಾರೆಯನ್ನು ಬಳಸಿದರು. ದಕ್ಷಿಣ ಅಮೆರಿಕದ ಕಾಡಿನ ಜನ ಬಾಣದ ತುದಿಗೆ ಹಚ್ಚುತ್ತಿದ್ದ ವಿಷವಿದು. ನರದ ತುದಿಯಿಂದ ಹೊರಬೀಳುವ ಅಸಿಟೈಲ್‌ಕೋಲಿನ್ ಸ್ನಾಯುವಿನ ಗ್ರಾಹಕವನ್ನು ಸೇರದಂತೆ ಇದು ತಡೆಯುತ್ತದೆ, ಸ್ನಾಯು ಸಡಿಲಗೊಳ್ಳುತ್ತದೆ. ಹೊಟ್ಟೆಯ ಸ್ನಾಯುಗಳನ್ನು ಸಡಿಲಿಸಲು ಇನ್ನು ಅಪಾಯಕಾರಿ ಪ್ರಮಾಣದ ಈಥರ್ ಬೇಕಿರಲಿಲ್ಲ. ಇದರಿಂದ ಶಸ್ತ್ರಚಿಕಿತ್ಸೆ ಬಹಳ ಸುಗಮವಾಯಿತು.

ಆದರೆ ಗೆಡೆಲ್‌ರ ಪಟ್ಟಿ ಕುಸಿಯಿತು. ಉಸಿರಾಟ ಈಗ ವೈದ್ಯರ ಕೈಯಲ್ಲಿ, ಕಣ್ಣುಗುಡ್ಡೆ ನಿಶ್ಚಲ, ಸ್ನಾಯು ಸದಾ ಸಡಿಲ. ಮಾರ್ಫೀನ್‌ನಂಥ ಔಷಧಿ ಕೊಟ್ಟರೆ ಪಾಪೆಯೂ ಕಿರಿದಾಗಿ ಅದರ ಸಾಕ್ಷ್ಯವನ್ನೂ ನಂಬುವಂತಿಲ್ಲ. ಜೊತೆಗೆ ಕ್ಯುರಾರೆಯೇ ಪ್ರಜ್ಞೆಯನ್ನೂ ಮಂಕಾಗಿಸುತ್ತದೆಂದು ಕೆಲವರು ಭಾವಿಸಿದ್ದರು.

ಅಮೆರಿಕದ ಯೂಟಾದಲ್ಲಿ ಸ್ಕಾಟ್ ಸ್ಮಿತ್ ಇದನ್ನು ತಮ್ಮ ಮೇಲೆಯೇ ಪರೀಕ್ಷಿಸಿಕೊಂಡರು. ಉಸಿರಾಟವನ್ನು ನಿಲ್ಲಿಸಲು ಬೇಕಾದುದರ ಎರಡೂವರೆ ಪಟ್ಟು ಔಷಧಿಯನ್ನು ಅರಿವಳಿಕೆಯಿಲ್ಲದೆ ಪಡೆದರು. ಸಹೋದ್ಯೋಗಿಗಳು ಕೃತಕ ಉಸಿರಾಟ ಕೊಟ್ಟರು. ಚೇತರಿಸಿಕೊಂಡ ಸ್ಮಿತ್ ಆ ಹೊತ್ತಿನಲ್ಲಿ ನಡೆದುದನ್ನು ನೆನಪಿನಿಂದ ಹೇಳಿದರು. ನೋವಾಗಲಿ ಪ್ರಜ್ಞೆಯಾಗಲಿ ಕುಂದಿರಲಿಲ್ಲ. 1947ರಲ್ಲಿ ಪ್ರಕಟವಾದ ಈ ಪ್ರಯೋಗದ ಅರ್ಥ ಭೀಕರವಾಗಿತ್ತು: ಅರಿವಳಿಕೆ ಸಾಲದೆ ಹೋದರೆ ರೋಗಿ ಎಲ್ಲವನ್ನೂ ಅನುಭವಿಸುತ್ತಾ ಕಿರುಬೆರಳನ್ನೂ ಎತ್ತಲಾರರು.

ಕೈಯ ಸಾಕ್ಷ್ಯ, ಮಿದುಳಿನ ಸಾಕ್ಷ್ಯ

1977ರಲ್ಲಿ ಸ್ಕಾಟ್ಲೆಂಡಿನ ಮೈಕೆಲ್ ಟನ್‌ಸ್ಟಾಲ್ ಸರಳ ಉಪಾಯವೊಂದನ್ನು ಕಂಡುಕೊಂಡರು. ಸ್ನಾಯುಸಡಿಲಕ ಕೊಡುವ ಮುನ್ನ ಒಂದು ತೋಳಿಗೆ ರಕ್ತದೊತ್ತಡದ ಪಟ್ಟಿಯನ್ನು ಬಿಗಿದರೆ ಔಷಧಿ ಆ ಕೈಗೆ ತಲುಪುವುದಿಲ್ಲ. ಆಗ "ನನ್ನ ಕೈ ಹಿಸುಕಿ" ಎಂದು ಕೇಳಬಹುದು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 260 ರೋಗಿಗಳ ಪೈಕಿ ಶೇ. 4.6ರಷ್ಟು ಮಂದಿ ಈ ರೀತಿ ಪ್ರತಿಕ್ರಿಯಿಸಿದರು. ಇದಕ್ಕೆ ಹೋಲಿಸಿದರೆ, ಎಚ್ಚರವಾದುದನ್ನು ಆಮೇಲೆ ನೆನೆದು ಹೇಳುವವರು ತೀರ ವಿರಳ. 2014ರ ಬ್ರಿಟನ್ನಿನ ಸಮೀಕ್ಷೆಯಲ್ಲಿ ಇಂಥ ವರದಿ ಸುಮಾರು 19,000 ಅರಿವಳಿಕೆಗಳಿಗೆ ಒಂದು. ಸ್ನಾಯುಸಡಿಲಕ ಬಳಸಿದಾಗ ಮಾತ್ರ ಸುಮಾರು 8,000ಕ್ಕೆ ಒಂದು. ಎಚ್ಚರವಾಗುವುದೇ ಬೇರೆ, ಅದು ನೆನಪಿನಲ್ಲಿ ಉಳಿಯುವುದೇ ಬೇರೆ.

ಇನ್ನೊಂದು ದಾರಿ ಮಿದುಳಿನ ವಿದ್ಯುತ್ ಅಲೆಗಳದು. 1996ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆದ 'ಬಿಸ್' ಯಂತ್ರ ಹಣೆಗೆ ಅಂಟಿಸಿದ ವಿದ್ಯುದಗ್ರಗಳ ಮೂಲಕ ಈ ಅಲೆಗಳನ್ನು ಓದಿ 0ಯಿಂದ 100ರವರೆಗಿನ ಒಂದು ಅಂಕೆ ಕೊಡುತ್ತದೆ. 40ರಿಂದ 60 ಇದ್ದರೆ ಅರಿವಳಿಕೆ ಸೂಕ್ತವೆಂದು ಎಣಿಕೆ. 2004ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಎಚ್ಚರದ ಪ್ರಕರಣಗಳು ಯಂತ್ರ ಬಳಸದ ಗುಂಪಿನಲ್ಲಿ 11 ಇದ್ದರೆ, ಬಳಸಿದ ಗುಂಪಿನಲ್ಲಿ 2 ಮಾತ್ರ. ಆದರೆ ಹೊರಬಿಡುವ ಉಸಿರಿನಲ್ಲಿ ಅರಿವಳಿಕೆ ಅನಿಲದ ಪ್ರಮಾಣವನ್ನು ಗಮನಿಸುವ ವಿಧಾನದೊಂದಿಗೆ 2008 ಮತ್ತು 2011ರಲ್ಲಿ ಹೋಲಿಸಿದಾಗ ಯಂತ್ರದ ಮೇಲುಗೈ ಕಾಣಲಿಲ್ಲ.

2015ರಲ್ಲಿ ಸ್ಮಿತ್‌ರ ಪ್ರಯೋಗಕ್ಕೆ ಹೊಸ ರೂಪ ಬಂತು. ಪೂರ್ಣ ಎಚ್ಚರವಾಗಿದ್ದ ಸ್ವಯಂಸೇವಕರಿಗೆ ಸ್ನಾಯುಸಡಿಲಕವನ್ನು ಮಾತ್ರ ಕೊಟ್ಟಾಗ ಯಂತ್ರದ ಅಂಕೆ 60ಕ್ಕಿಂತ ಕೆಳಗಿಳಿಯಿತು! ಯಂತ್ರದ ಲೆಕ್ಕದಲ್ಲಿ ಹಣೆಯ ಸ್ನಾಯುವಿನ ವಿದ್ಯುತ್ತೂ ಬೆರೆತಿತ್ತು.

ಗೆಡೆಲ್ ನೋಡಿದ್ದು ಕಣ್ಣು ಮತ್ತು ಉಸಿರನ್ನು, ಇಂದಿನ ಯಂತ್ರ ನೋಡುವುದು ಅಲೆಗಳನ್ನು. ಎರಡೂ ಪ್ರಜ್ಞೆಯ ಗುರುತುಗಳೇ ಹೊರತು ಪ್ರಜ್ಞೆಯಲ್ಲ. ಉಷ್ಣತಾಮಾಪಕದಂತೆ ಪ್ರಜ್ಞೆಯನ್ನು ನೇರವಾಗಿ ಅಳೆಯುವ ಮಾಪಕ ಇನ್ನೂ ಇಲ್ಲ. ಅದಕ್ಕಾಗಿಯೇ ಅರಿವಳಿಕೆ ತಜ್ಞರು ಒಂದೇ ಅಂಕೆಯನ್ನು ನೆಚ್ಚದೆ ಅನಿಲದ ಪ್ರಮಾಣ, ನಾಡಿ, ರಕ್ತದೊತ್ತಡ, ಮಿದುಳಿನ ಅಲೆ ಎಲ್ಲವನ್ನೂ ಕೂಡಿಸಿ ನೋಡುತ್ತಾ ರೋಗಿಯ ಪಕ್ಕದಲ್ಲೇ ಇರುತ್ತಾರೆ.