ಚೌಕಾವರಣದ ಚರಿತ್ರೆಯಲ್ಲಿ ಬೆಂಟ್ಲಿಯ ಸ್ಥಾನ

ಇಂಗ್ಲಿಷ್ ಬರವಣಿಗೆಯಲ್ಲಿ ಪರರ ವಾಕ್ಯವನ್ನು ಉದ್ಧರಿಸುವವನು ತಾನು ಸೇರಿಸಿದ ಮಾತನ್ನು [ ] ಎಂಬ ಚೌಕಾವರಣದೊಳಗೆ ಇಡುವುದು ಇಂದು ರೂಢವಾಗಿರುವ ಸಂಪ್ರದಾಯ. ದುಂಡಾವರಣದೊಳಗಿನ ಮಾತು ಮೂಲ ಲೇಖಕನದು, ಚೌಕಾವರಣದೊಳಗಿನದು ಉದ್ಧರಿಸಿದವನದು. ಆದರೆ ಇದೇ ಚಿಹ್ನೆ ಹಿಂದೆ ಬೇರೊಂದು ಕಾರ್ಯವನ್ನೂ ನಿರ್ವಹಿಸಿದೆ. ರಿಚರ್ಡ್ ಬೆಂಟ್ಲಿಯು 1732ರಲ್ಲಿ ಪ್ರಕಟಿಸಿದ ಮಿಲ್ಟನ್ ಕವಿಯ 'ಪ್ಯಾರಡೈಸ್ ಲಾಸ್ಟ್' ಕಾವ್ಯದ ಆವೃತ್ತಿ ಇದಕ್ಕೆ ಪ್ರಸಿದ್ಧ ನಿದರ್ಶನವಾಗಿದೆ.

ಬೆಂಟ್ಲಿ ಅಸಾಮಾನ್ಯ ಪಂಡಿತ. ಫಲಾರಿಸನ ಹೆಸರಿನಲ್ಲಿ ಪ್ರಚಾರದಲ್ಲಿದ್ದ ಗ್ರೀಕ್ ಪತ್ರಗಳು ಎಷ್ಟೋ ಶತಮಾನಗಳ ತರುವಾಯ ಹುಟ್ಟಿದ ಕೃತಕ ರಚನೆಗಳೆಂದು 1699ರ ಪ್ರಬಂಧದಲ್ಲಿ ಸಾಧಿಸಿ ತೋರಿಸಿದವನು ಅವನೇ. ಅದೇ ಸಂಶಯದೃಷ್ಟಿಯನ್ನು ಅವನು ಮಿಲ್ಟನ್‌ನ ಕಾವ್ಯಕ್ಕೂ ಅನ್ವಯಿಸಿದನು. ಕವಿ ಅಂಧನಾಗಿದ್ದು, 1667ರಲ್ಲಿ ಪ್ರಕಟವಾದ ಆ ಕಾವ್ಯವನ್ನು ಅನ್ಯರಿಂದ ಬರೆಸಿದ್ದನು. ಆದ್ದರಿಂದ ಮುದ್ರಣದ ಹೊಣೆ ಹೊತ್ತವನು ತನ್ನ ಪಂಕ್ತಿಗಳನ್ನೂ ಸೇರಿಸಿರಬೇಕೆಂದು ಬೆಂಟ್ಲಿ ಊಹಿಸಿ, ಪ್ರಕ್ಷಿಪ್ತವೆಂದು ತನಗೆ ತೋರಿದ ಪಂಕ್ತಿಗಳಿಗೆ ಆವರಣ ಹಾಕಿದನು. ಇಂಗ್ಲಿಷಿನಲ್ಲಿ ಆಗ ಈ ಚಿಹ್ನೆಗಿದ್ದ ಹೆಸರಿಗೆ ಕೊಕ್ಕೆ, ಕುಡುಗೋಲು ಎಂಬ ಅರ್ಥಗಳೂ ಉಂಟು. 1737ರ ಕವಿತೆಯೊಂದರಲ್ಲಿ ಅಲೆಗ್ಸಾಂಡರ್ ಪೋಪ್ ಈ ಶ್ಲೇಷೆಯಿಂದಲೇ ಬೆಂಟ್ಲಿಯನ್ನು ಹಾಸ್ಯಮಾಡಿದನು.

ಬೆಂಟ್ಲಿಯ ಊಹೆಯನ್ನು ಮುಂದಿನ ವಿದ್ವಾಂಸರು ಒಪ್ಪಲಿಲ್ಲ. ಆದರೂ ಒಂದು ಅಂಶ ಗಮನಾರ್ಹ: ಅವನು ಆ ಪಂಕ್ತಿಗಳನ್ನು ಕಿತ್ತುಹಾಕಲಿಲ್ಲ. ತಿದ್ದುಪಡಿಗಳನ್ನು ಅಂಚಿನಲ್ಲಿಯೂ ಕಾರಣಗಳನ್ನು ಅಡಿಯಲ್ಲಿಯೂ ಕೊಟ್ಟು ಮೂಲಪಾಠವನ್ನು ಹಾಗೆಯೇ ಮುದ್ರಿಸಿದನು. ಆದಕಾರಣ ಸಂಪಾದಕನ ತೀರ್ಪನ್ನು ತಳ್ಳಿಹಾಕಲು ವಾಚಕನಿಗೆ ಅದೇ ಗ್ರಂಥ ಸಾಕಾಗಿತ್ತು.

ಗ್ರೀಕ್ ಮತ್ತು ಲ್ಯಾಟಿನ್ ಕಾವ್ಯಗಳ ಸಂಪಾದನೆಯಲ್ಲಿ ಚೌಕಾವರಣವು ಇಂದಿಗೂ ಪ್ರಕ್ಷಿಪ್ತವನ್ನು ಸೂಚಿಸುತ್ತದೆ. ಪಪೈರಸ್ ಲೇಖನಗಳಲ್ಲಿಯಾದರೋ, 1931ರಲ್ಲಿ ಲೈಡನ್ ನಗರದಲ್ಲಿ ವಿದ್ವಾಂಸರು ಒಪ್ಪಿಕೊಂಡ ಪದ್ಧತಿಯ ಪ್ರಕಾರ, ನಷ್ಟವಾದ ಅಕ್ಷರಗಳನ್ನು ಸಂಪಾದಕನು ಊಹಿಸಿ ತುಂಬಿದ ಸ್ಥಳವನ್ನು ಅದು ತೋರಿಸುತ್ತದೆ. ಒಂದೆಡೆ ಸಂಶಯ, ಇನ್ನೊಂದೆಡೆ ಪೂರಣ. ಉದ್ಧರಣದ ಆವರಣವು ಈ ಎರಡನೆಯದಕ್ಕೆ ಸಮೀಪವಾದುದು.

ಅರ್ಥಗಳು ಭಿನ್ನವಾದರೂ ಇವೆಲ್ಲದರ ಹಿಂದಿನ ಧರ್ಮ ಒಂದೇ. ಮೂಲದ 'ಅವನು' ಎಂಬಲ್ಲಿ '[ಮಿಲ್ಟನ್]' ಎಂದು ಬರೆಯುವವನು ತನ್ನ ಹಸ್ತಕ್ಷೇಪವನ್ನು ತಾನೇ ಪ್ರಕಟಪಡಿಸುತ್ತಾನೆ. ಆ ಎರಡು ಗೆರೆಗಳನ್ನು ಬಿಟ್ಟರೆ ತಿದ್ದುಪಡಿ ಯುಕ್ತವಾಗಿದ್ದರೂ ಅದನ್ನು ಪರೀಕ್ಷಿಸುವ ಅಧಿಕಾರ ವಾಚಕನಿಗೆ ತಪ್ಪುತ್ತದೆ. ಬೆಂಟ್ಲಿಯ ಪಾಂಡಿತ್ಯ ಮಿಲ್ಟನ್‌ನ ವಿಷಯದಲ್ಲಿ ದಾರಿತಪ್ಪಿತು. ಅವನ ಆವರಣ ಮಾತ್ರ ಕಾವ್ಯವನ್ನು ಕಾಪಾಡಿತು.