ಸ್ಪಿನೋಜಾ: ಬಹಿಷ್ಕೃತನ ದೈವಚಿಂತನೆ

ಬರೂಕ್ ಸ್ಪಿನೋಜಾ (1632–1677) ಪಾಶ್ಚಾತ್ಯ ತತ್ತ್ವಶಾಸ್ತ್ರದ ಮಹಾಚಿಂತಕರಲ್ಲೊಬ್ಬನು. ಪೋರ್ಚುಗಲ್ ಮೂಲದ ಯೆಹೂದಿ ವರ್ತಕ ಕುಟುಂಬದಲ್ಲಿ, ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಜನಿಸಿದನು. 1656ರಲ್ಲಿ, 23ನೆಯ ವಯಸ್ಸಿನಲ್ಲಿ, ಸ್ವಸಮುದಾಯವೇ ಅವನನ್ನು ಬಹಿಷ್ಕರಿಸಿತು. ಅವನೊಡನೆ ಮಾತನಾಡುವುದನ್ನೂ ಅವನು ಬರೆದುದನ್ನು ಓದುವುದನ್ನೂ ನಿಷೇಧಿಸಿತು. ಆ ಬಳಿಕ ಅವನು ಮಸೂರಗಳನ್ನು ಉಜ್ಜುವ ಕೆಲಸ ಮಾಡುತ್ತ ಸರಳವಾಗಿ ಬಾಳಿದನು.

ಅವನ ಮತದಂತೆ ಇರುವ ಮೂಲದ್ರವ್ಯ ಒಂದೇ. ಅದನ್ನು ದೇವರೆಂದರೂ ಸರಿ, ಪ್ರಕೃತಿಯೆಂದರೂ ಸರಿ. ದೇವರು ಲೋಕದ ಹೊರಗೆ ಕುಳಿತು ಆಳುವ ಅರಸನಲ್ಲ. ಡೆಕಾರ್ಟೆ ಬೇರ್ಪಡಿಸಿದ ಮನಸ್ಸು ಮತ್ತು ದೇಹಗಳು ಒಂದೇ ವಸ್ತುವಿನ ಎರಡು ಮುಖಗಳು. ದ್ವೇಷ, ಭಯಗಳ ಕಾರಣವನ್ನು ಅರಿಯದವನು ಅವುಗಳಿಗೆ ದಾಸನು; ಅರಿತಷ್ಟೂ ಸ್ವತಂತ್ರನು.

1670ರಲ್ಲಿ ಹೆಸರಿಲ್ಲದೆ ಪ್ರಕಟಿಸಿದ ಗ್ರಂಥದಲ್ಲಿ, ವಿಚಾರ ಸ್ವಾತಂತ್ರ್ಯವು ರಾಜ್ಯದ ಶಾಂತಿಗೆ ಅಪಾಯವಲ್ಲ, ಆಧಾರವೆಂದು ವಾದಿಸಿದನು. 1673ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪದವಿಗೆ ಆಹ್ವಾನ ಬಂದಿತು. ಸ್ಥಾಪಿತ ಧರ್ಮವನ್ನು ಕದಡಬಾರದೆಂಬ ನಿರೀಕ್ಷೆಯ ಎಲ್ಲೆ ಎಲ್ಲಿಗೆ ನಿಲ್ಲುವುದೆಂದು ತಿಳಿಯದೆ, ಅವನು ಅದನ್ನು ವಿನಯದಿಂದ ನಿರಾಕರಿಸಿದನು.

ಪ್ರಧಾನ ಕೃತಿ ‘ಎಥಿಕ್ಸ್’ ಅವನ ಬಾಳಿನಲ್ಲಿ ಅಚ್ಚಾಗಲಿಲ್ಲ. ಮರಣಾನಂತರ ಮಿತ್ರರು ಅದನ್ನು ಪ್ರಕಟಿಸಿದರು. 1678ರಲ್ಲಿ ನಿಷೇಧ ಬಂದಿತು. ಓದಬಾರದೆಂದು ಎರಡೆರಡು ಬಾರಿ ವಿಧಿಸಲಾದ ಆ ಬರಹವನ್ನು ಮುಂದೆ ಗಯಟೆ, ಐನ್‌ಸ್ಟೈನ್ ಮೊದಲಾದವರು ಗೌರವದಿಂದ ಓದಿದರು.