ಪ್ರಾಸ್ಟೇಟ್ ಕ್ಯಾನ್ಸರ್ ತಪಾಸಣೆ: ಪುರುಷರಿಗೇಕೆ ಸಂಕೋಚ?

ರಾತ್ರಿ ಮೂರು-ನಾಲ್ಕು ಬಾರಿ ಮೂತ್ರವಿಸರ್ಜನೆಗೆ ಏಳಬೇಕಾಗಿ ಬಂದರೂ ‘ವಯಸ್ಸಾಯಿತು, ಇದೆಲ್ಲ ಸಹಜ’ ಎಂದು ಸುಮ್ಮನಾಗುವ ಪುರುಷರು ಅನೇಕ. ಮೂತ್ರ ಹಾಗೂ ಲೈಂಗಿಕತೆಗೆ ಸಂಬಂಧಿಸಿದ ತೊಂದರೆಗಳನ್ನು ವೈದ್ಯರ ಮುಂದೆಯೂ ಬಾಯಿಬಿಟ್ಟು ಹೇಳಲು ಸಂಕೋಚ. ಈ ಮೌನದ ಮರೆಯಲ್ಲಿ ಬೆಳೆಯಬಲ್ಲ ರೋಗವೇ ಪ್ರಾಸ್ಟೇಟ್ ಕ್ಯಾನ್ಸರ್. 2022ರಲ್ಲಿ ವಿಶ್ವದಾದ್ಯಂತ ಸುಮಾರು 14.7 ಲಕ್ಷ ಪುರುಷರಲ್ಲಿ ಇದು ಪತ್ತೆಯಾಯಿತು, ಸುಮಾರು 3.97 ಲಕ್ಷ ಮಂದಿ ಇದಕ್ಕೆ ಬಲಿಯಾದರು. ಬೆಂಗಳೂರಿನ ಪುರುಷರನ್ನು ಕಾಡುವ ಪ್ರಮುಖ ಕ್ಯಾನ್ಸರ್‌ಗಳ ಪಟ್ಟಿಯಲ್ಲೂ ಇದಕ್ಕೆ ಸ್ಥಾನವಿದೆ.

ತಪ್ಪು ತಿಳಿವಳಿಕೆಗಳು

ಪ್ರಾಸ್ಟೇಟ್ ಎಂಬುದು ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದಿರುವ, ಅಕ್ರೋಟಿನ ಗಾತ್ರದ ಗ್ರಂಥಿ. ವಯಸ್ಸಾದಂತೆ ಇದು ಹಿಗ್ಗುವುದು ಸಾಮಾನ್ಯ. ಪದೇ ಪದೇ ಮೂತ್ರ ಬರಲು ಹೆಚ್ಚಾಗಿ ಇದೇ ಕಾರಣವೇ ಹೊರತು ಕ್ಯಾನ್ಸರ್ ಅಲ್ಲ. ಆದರೆ ‘ತೊಂದರೆಯಿಲ್ಲ, ಆದ್ದರಿಂದ ರೋಗವಿಲ್ಲ’ ಎಂಬ ನಂಬಿಕೆಯೂ ಸರಿಯಲ್ಲ. ಆರಂಭದ ಹಂತದ ಕ್ಯಾನ್ಸರ್ ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರುವುದಿಲ್ಲ. ಮೂಳೆನೋವು ಕಾಣಿಸುವ ವೇಳೆಗೆ ರೋಗ ಮೂಳೆಗೆ ಹರಡಿರಬಹುದು.

ಗುದದ್ವಾರದ ಮೂಲಕ ಬೆರಳಿನಿಂದ ಮಾಡುವ ಪರೀಕ್ಷೆಯ ಮುಜುಗರ, ಪುರುಷತ್ವಕ್ಕೆ ಕುಂದು ಬಂದೀತೆಂಬ ಭಯ, ಇವೂ ಹಿಂಜರಿಕೆಗೆ ಕಾರಣ. ವಾಸ್ತವವಾಗಿ ಮೊದಲ ಹೆಜ್ಜೆ ಕೇವಲ ಒಂದು ರಕ್ತಪರೀಕ್ಷೆ.

ಪಿಎಸ್‌ಎ ಪರೀಕ್ಷೆ

ಪ್ರಾಸ್ಟೇಟ್ ಗ್ರಂಥಿ ಉತ್ಪಾದಿಸುವ ಪಿಎಸ್‌ಎ ಎಂಬ ಪ್ರೋಟೀನಿನ ಪ್ರಮಾಣವನ್ನು ಇದು ಅಳೆಯುತ್ತದೆ. ರೋಗಪತ್ತೆಗೆ ನೆರವಾಗಿ ಇದನ್ನು ಬಳಸಲು ಅಮೆರಿಕ 1994ರಲ್ಲಿ ಅನುಮತಿ ನೀಡಿತು. ಪ್ರಮಾಣ ಏರಿದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ. ಗ್ರಂಥಿಯ ಹಿಗ್ಗುವಿಕೆ, ಸೋಂಕುಗಳಿಂದಲೂ ಅದು ಏರುತ್ತದೆ. ಖಚಿತಪಡಿಸಿಕೊಳ್ಳಲು ಬಯಾಪ್ಸಿ ಬೇಕು. ಅದಕ್ಕೂ ಮುನ್ನ ಎಂಆರ್‌ಐ ಮಾಡಿಸಿದರೆ ಅನಗತ್ಯ ಬಯಾಪ್ಸಿಗಳನ್ನು ತಪ್ಪಿಸಬಹುದು.

ಲಾಭವೆಷ್ಟು, ನಷ್ಟವೆಷ್ಟು?

ಯುರೋಪಿನ ಬೃಹತ್ ಅಧ್ಯಯನದ 23 ವರ್ಷಗಳ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ತಪಾಸಣೆಗೆ ಕರೆಯಲಾದವರಲ್ಲಿ ಈ ಕ್ಯಾನ್ಸರ್‌ನಿಂದಾದ ಸಾವು ಶೇ. 13ರಷ್ಟು ಕಡಿಮೆಯಿತ್ತು. ಅಂದರೆ 456 ಪುರುಷರನ್ನು ತಪಾಸಣೆಗೆ ಕರೆದರೆ ಒಂದು ಸಾವು ತಪ್ಪುತ್ತದೆ. ಇನ್ನೊಂದೆಡೆ, ನಿಧಾನವಾಗಿ ಬೆಳೆದು ಎಂದೂ ಕಾಡದಿರಬಹುದಾದ ಗಡ್ಡೆಗಳೂ ಪತ್ತೆಯಾಗುತ್ತವೆ. ಅವುಗಳಿಗೆ ಶಸ್ತ್ರಚಿಕಿತ್ಸೆ ಅಥವಾ ವಿಕಿರಣ ಚಿಕಿತ್ಸೆ ನಡೆದರೆ ಮೂತ್ರ ಹಿಡಿತ ತಪ್ಪುವುದು, ನಿಮಿರು ದೌರ್ಬಲ್ಯ ಮುಂತಾದ ತೊಂದರೆಗಳು ಉಳಿಯಬಹುದು. ಆದ್ದರಿಂದಲೇ ಕಡಿಮೆ ಅಪಾಯದ ಗಡ್ಡೆಗಳಿಗೆ ಕೂಡಲೇ ಚಿಕಿತ್ಸೆ ನೀಡದೆ ನಿಗಾ ವಹಿಸುವ ಕ್ರಮ ಈಗ ರೂಢಿಯಲ್ಲಿದೆ.

ಯಾರು ವಿಚಾರಿಸಬೇಕು?

ಭಾರತದ ರಾಷ್ಟ್ರೀಯ ಕಾರ್ಯಕ್ರಮದಡಿ ಬಾಯಿ, ಸ್ತನ ಹಾಗೂ ಗರ್ಭಕಂಠದ ಕ್ಯಾನ್ಸರ್‌ಗಳಿಗೆ ಸಾಮೂಹಿಕ ತಪಾಸಣೆಯಿದೆ, ಪ್ರಾಸ್ಟೇಟ್ ಅದರಲ್ಲಿಲ್ಲ. ಹೀಗಾಗಿ ಪುರುಷರು ತಾವಾಗಿಯೇ ಮುಂದಾಗಬೇಕಿದೆ. ಅಮೆರಿಕದ ತಜ್ಞರ ಕಾರ್ಯಪಡೆ 2018ರಲ್ಲಿ, 55ರಿಂದ 69 ವರ್ಷದವರು ವೈದ್ಯರೊಡನೆ ಸಾಧಕ ಬಾಧಕ ಚರ್ಚಿಸಿ ನಿರ್ಧರಿಸಬೇಕೆಂದೂ, 70 ದಾಟಿದವರಿಗೆ ಈ ತಪಾಸಣೆ ಬೇಡವೆಂದೂ ಸಲಹೆ ನೀಡಿತು. ತಂದೆ ಅಥವಾ ಸೋದರರಿಗೆ ಈ ರೋಗ ಬಂದಿದ್ದರೆ ಅಪಾಯ ಹೆಚ್ಚು; ಅಂಥವರು 45ರ ಆಸುಪಾಸಿನಲ್ಲೇ ವೈದ್ಯರನ್ನು ಕಾಣುವುದು ಒಳಿತು. ಮೂತ್ರದಲ್ಲಿ ರಕ್ತ ಕಂಡರಂತೂ ಯಾವ ವಯಸ್ಸಿನವರೂ ತಡಮಾಡುವಂತಿಲ್ಲ.